ನಾನಿಲ್ಲದಾಗ ಗೆಲ್ಲುವ ಸೇನೆ

"ನನ್ನ ವಿಮರ್ಶೆ ಬಂದ ಮೇಲೆ ಈ ಆಟದ ಬಗ್ಗೆ ಬರೆಯೋಕೆ ಇನ್ನೊಬ್ಬ ಪೆನ್ನು ಮುಟ್ಟಬಾರದು! ಹಾಗೆ ಬರೀತೀನಿ!" ಎಂದು ನಾನು ಸೋಮವಾರ ಸಂಜೆ ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ.

"ಮೊದಲು ಕೈ ತೊಳ್ಕೊಂಡ್ ಬನ್ನಿ," ಎಂದಳು ಹೆಂಡತಿ.

ಅವಳು ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ಬರುವವಳು. ಮನೆಯಲ್ಲಿ ನಾನು ಬಾಯಿ ತೆರೆದರೆ ಅವಳಿಗೆ ಅಂಥ ಕುತೂಹಲವೇನೂ ಇರುವುದಿಲ್ಲ.

ಆದರೆ ಸಂದರ್ಭ ಸಾಮಾನ್ಯದ್ದಾಗಿರಲಿಲ್ಲ. ನಾನು ಒಂದು ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷದಿಂದ ಕರಡು ತಿದ್ದುವವನು. ಬೇರೆಯವರ ಅಲ್ಪವಿರಾಮ ಎಣಿಸುತ್ತಾ ಅರ್ಧ ಕೂದಲು ಉದುರಿಸಿಕೊಂಡವನು. ಅಂಥ ನನ್ನನ್ನು ಸಂಪಾದಕರು ಕರೆದು, "ನೋಡ್ರೀ, ಕಂಪ್ಯೂಟರ್ ಆಟಗಳ ಅಂಕಣ ಬರೀತಿದ್ದವರು ಬಿಟ್ಟು ಹೋದರು. ಈ ಒಂದು ಆಟದ ಮೇಲೆ ನೀವು ಬರೀರಿ. ಚೆನ್ನಾಗಿ ಬಂದ್ರೆ ಅಂಕಣ ನಿಮ್ಮದೇ, ಹೆಸರು, ಫೋಟೋ ಸಮೇತ. ಕೆಟ್ರೆ ಕರಡು ಇದ್ದೇ ಇದೆ," ಎಂದಿದ್ದರು. ಫೋಟೋ! ಅವತ್ತೇ ಸಂಜೆ ಸ್ಟುಡಿಯೋಗೆ ಹೋಗಿ, ಗಲ್ಲಕ್ಕೆ ಕೈ ಊರಿ ತೆಗೆಸಿಕೊಂಡು ಬಂದೆ.

ಆಟದ ಹೆಸರು 'ಏಳು ಕೋಟೆಗಳ ಶಪಥ'. ಚೌಕಚೌಕದ ರಣರಂಗ. ಒಂದು ಕಡೆ ನಮ್ಮ ಎಂಟು ಜನ: ಬಿಲ್ಲುಗಾರ, ಭರ್ಜಿಯವನು, ಮಾಂತ್ರಿಕ, ಗಾಯ ವಾಸಿ ಮಾಡುವ ವೈದ್ಯೆ, ಒಂದು ಮರಿ ಡ್ರ್ಯಾಗನ್, ಹೀಗೆ. ಇನ್ನೊಂದು ಕಡೆ ರಾಕ್ಷಸರು. ನಮ್ಮ ಸರದಿ ಮುಗಿದ ಮೇಲೆ ಅವರ ಸರದಿ. ಅವಸರವೇ ಇಲ್ಲ, ನೀವು ಎಷ್ಟು ಹೊತ್ತು ಯೋಚಿಸಿದರೂ ರಾಕ್ಷಸ ಮರ್ಯಾದೆಯಿಂದ ಕಾಯುತ್ತಾನೆ. ಆದರೆ ಸತ್ತವರು ಸತ್ತ ಹಾಗೆಯೇ, ಮತ್ತೆ ಎದ್ದು ಬರುವುದಿಲ್ಲ.

ಬೇರೆಯವರ ಅಭಿಪ್ರಾಯ ಓದಬಾರದು ಎಂದು ಪಣ ತೊಟ್ಟಿದ್ದೆ. ಪಣ ಹದಿನೈದು ನಿಮಿಷ ಬಾಳಿತು. ಓದಿ ನೋಡಿದರೆ ಹೊಗಳಿಕೆಯ ಸುರಿಮಳೆ! ಒಬ್ಬ ವಿಮರ್ಶಕ "ಪ್ರತಿ ನಡೆಯೂ ಒಂದು ಒಗಟು, ಬಿಡಿಸಿದಾಗಿನ ಸುಖ ಹೇಳತೀರದು" ಎಂದು ಹತ್ತಕ್ಕೆ ಒಂಬತ್ತು ಕೊಟ್ಟಿದ್ದ. ಇನ್ನೊಬ್ಬ "ಕತೆ ತೆಳು, ಯುದ್ಧ ಗಟ್ಟಿ" ಎಂದು ಎಂಟಕ್ಕೆ ನಿಂತಿದ್ದ. ಆಡಿದವರಂತೂ ಭಕ್ತರೇ ಆಗಿಬಿಟ್ಟಿದ್ದರು. "ನನ್ನ ಬಿಲ್ಲುಗಾರ ಸತ್ತ ದಿನ ಆಫೀಸಿಗೆ ರಜೆ ಹಾಕಿದೆ. ಐದು ನಕ್ಷತ್ರ!" ಎಂದು ಒಬ್ಬ. "ಇನ್ನೂರು ಗಂಟೆ ಆಡಿದ್ದೇನೆ, ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿಲ್ಲ, ಆದರೂ ಐದು ನಕ್ಷತ್ರ!" ಎಂದು ಇನ್ನೊಬ್ಬಳು. ಅಕ್ಷರ ತೀರಾ ಸಣ್ಣದು ಎಂಬ ಗೊಣಗಾಟ ಮಾತ್ರ ಅಲ್ಲಲ್ಲಿ ಇತ್ತು.

ಎಲ್ಲ ಸರಿ, ಆದರೆ ಯಾರೂ ಹೇಳದ್ದನ್ನು ನಾನು ಹೇಳಬೇಕಲ್ಲ!

ಸಂಜೆ ಏಳಕ್ಕೆ ಕೂತೆ. ಒಂಬತ್ತಕ್ಕೆ ಭರ್ಜಿಯವನು ಸತ್ತ, ಮಾಂತ್ರಿಕ ಸತ್ತ, ಡ್ರ್ಯಾಗನ್ ಮರಿ ತನ್ನದೇ ಬೆಂಕಿಯಲ್ಲಿ ಬೆಂದುಹೋಯಿತು. 'ಮಡಿದವರು' ಎಂಬ ಪಟ್ಟಿಯನ್ನು ತೆರೆಯ ಮೇಲೆ ಹಾಗೇ ಬಿಟ್ಟು ಎದ್ದೆ.

"ಹೇಗಿತ್ತು, ಅಳಿಯಂದಿರೇ?" ಎಂದು ಅತ್ತೆ ಕೇಳಿದರು.

ಅತ್ತೆಯ ವಿಷಯ ಹೇಳಬೇಕು. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತೊಂದು ವರ್ಷ ರೈಲುಗಳಿಗೆ ದಾರಿ ಬಿಡುವ ಲಿವರ್ ಎಳೆದು ನಿವೃತ್ತರಾದವರು. ಮಂಡಿಯ ಆಪರೇಷನ್ ಆಗಿ ನಮ್ಮ ಮನೆಗೆ ಬಂದಿದ್ದರು. ಆರು ವಾರ ಕಾಲು ಮಡಚುವಂತಿರಲಿಲ್ಲ. ಕಾಲು ಚಾಚಿ ಒರಗುವಂಥ ಕುರ್ಚಿ ಮನೆಯಲ್ಲಿ ಒಂದೇ, ನನ್ನ ಕಂಪ್ಯೂಟರ್ ಮುಂದಿನದು. ನಾನು ಆಫೀಸಿಗೆ ಹೋದ ಮೇಲೆ ಅವರ ಹಗಲೆಲ್ಲ ಅದರಲ್ಲೇ.

"ಸ್ವಲ್ಪ ನಷ್ಟ ಆಯ್ತು ಅತ್ತೆ. ಯುದ್ಧ ಅಂದ್ಮೇಲೆ ಆಗುತ್ತೆ," ಎಂದೆ ಗಂಭೀರವಾಗಿ.

"ಮೂರು ಜನ ಹೋದ್ರಾ!" ಎಂದು ಅವರು ತೆರೆಯ ಮೇಲಿನ ಪಟ್ಟಿ ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಎಂಥ ಮೃದು ಹೃದಯ!

ಮಂಗಳವಾರ ಸಂಜೆ ಕಂಪ್ಯೂಟರ್ ಹಾಕಿ ನೋಡುತ್ತೇನೆ, ಸತ್ತವರೆಲ್ಲ ಜೀವಂತ! ಭರ್ಜಿಯವನು ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ. ಡ್ರ್ಯಾಗನ್ ಬಾಲ ಆಡಿಸುತ್ತಿದೆ. ಮೇಲಾಗಿ ಮೊದಲ ಕೋಟೆ ನಮ್ಮ ವಶ!

ಆವತ್ತು ಬಿಲ್ಲುಗಾರನನ್ನು ಕಳೆದುಕೊಂಡೆ. ಬುಧವಾರ ನೋಡಿದರೆ ಅವನೂ ಇದ್ದಾನೆ, ಎರಡನೇ ಕೋಟೆಯೂ ಬಿದ್ದಿದೆ. ಗುರುವಾರ ಮೂರನೆಯದು. ಇಷ್ಟೆಲ್ಲ ಆಡಿದವರು, ಇಷ್ಟೆಲ್ಲ ಬರೆದವರು ಯಾರ ಕಣ್ಣಿಗೂ ಬೀಳದ ಗುಟ್ಟು ನನಗೆ ಹೊಳೆದುಬಿಟ್ಟಿತು. ಆಡುವವನು ಎದ್ದು ಹೋದ ಮೇಲೆ ಈ ಸೇನೆ ತಾನೇ ಕಾದುತ್ತದೆ! ಸೋಲಿನಿಂದ ಪಾಠ ಕಲಿಯುತ್ತದೆ!

"ರೀ, ಕೀಬೋರ್ಡ್ ಯಾಕೆ ಮಂಡಿ ಮುಲಾಮಿನ ವಾಸನೆ ಹೊಡೀತಿದೆ?" ಎಂದು ಹೆಂಡತಿ ಕೇಳಿದಳು.

"ಇತಿಹಾಸ ನಿರ್ಮಾಣ ಆಗ್ತಿರೋ ಹೊತ್ತಲ್ಲಿ ಮುಲಾಮಿನ ವಿಷಯ ಎತ್ತಬೇಡ ಕಣೇ!" ಎಂದು ಗದರಿದೆ. ಕುರ್ಚಿಯ ಎತ್ತರ ದಿನಾ ಬದಲಾಗಿರುತ್ತಿದ್ದುದು, ಮೌಸಿನ ಪಕ್ಕ ಬಿಸ್ಕತ್ತಿನ ಪುಡಿ ಬಿದ್ದಿರುತ್ತಿದ್ದುದು ಎಲ್ಲ ನನಗೂ ಕಂಡಿತ್ತು. ಮಹಾಕಾರ್ಯದಲ್ಲಿ ಮುಳುಗಿದವನು ಬಿಸ್ಕತ್ತಿನ ಪುಡಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆಯೇ?

"ಆ ವೈದ್ಯೆ ಹುಡುಗಿ ಹುಷಾರಾಗಿದ್ದಾಳಾ?" ಎಂದು ಅತ್ತೆ ಪ್ರತಿ ಸಂಜೆ ತಪ್ಪದೆ ಕೇಳುತ್ತಿದ್ದರು. ಅಳಿಯನ ಕೆಲಸದಲ್ಲಿ ಅವರಿಗೆ ಎಷ್ಟು ಆಸಕ್ತಿ!

ವಿಮರ್ಶೆಯನ್ನು ಮನೆಯಲ್ಲಿ ಯಾರಿಗೂ ತೋರಿಸದೆ ಕೊಟ್ಟೆ. ಮುಂದಿನ ಬುಧವಾರ ಅಚ್ಚಾಯಿತು. 'ತಾನೇ ಕಾದುವ ಸೇನೆ!' ಎಂಬ ತಲೆಬರಹ, ಕೆಳಗೆ ಗಲ್ಲಕ್ಕೆ ಕೈ ಊರಿದ ನಾನು. "ನೀವು ಊಟ ಮಾಡುತ್ತಿರುವಾಗ, ಆಫೀಸಿನಲ್ಲಿರುವಾಗ ಈ ವೀರರು ನಿಮಗಾಗಿ ಹೋರಾಡುತ್ತಾರೆ. ಮೃತ್ಯುವನ್ನೇ ಗೆದ್ದು ಬರುತ್ತಾರೆ. ಹತ್ತಕ್ಕೆ ಹತ್ತು!"

ಗುರುವಾರ ಸಂಜೆಯೊಳಗೆ ನೂರ ನಲವತ್ತು ಇ-ಮೇಲ್ ಬಂದವು. "ನಾಲ್ಕು ದಿನ ಕಂಪ್ಯೂಟರ್ ಆರಿಸದೆ ಕಾದರೂ ನನ್ನ ಸೇನೆ ಕೆಮ್ಮಲೂ ಇಲ್ಲ ಎಂದು ಬರೆಯೋಣವೆಂದರೆ ನಿಮ್ಮ ಪತ್ರಿಕೆ ಬಂದದ್ದೇ ನಿನ್ನೆ, ಆದ್ದರಿಂದ ಒಂದು ದಿನ ಕಾದೆ. ಕೆಮ್ಮಲಿಲ್ಲ," ಎಂದು ಒಬ್ಬ. "ಆಟ ಅದ್ಭುತ, ವಿಮರ್ಶಕರು ಇನ್ನೂ ಅದ್ಭುತ. ಇವರು ಯಾವ ಗುಳಿಗೆ ನುಂಗುತ್ತಾರೆ?" ಎಂದು ಇನ್ನೊಬ್ಬ.

"ನನ್ನ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸ್ಕೊಳ್ತಿದ್ದವನು ನಿಮ್ಮದನ್ನ ಓದಿ ನಗ್ತಾನೇ ಇದ್ದ ರೀ," ಎಂದಳು ಹೆಂಡತಿ. "ಸೂಜಿ ಹಾಕೋ ಕೆಲಸ ಉಳೀತು."

ಅತ್ತೆ ಒಂದೆರಡು ಸಲ, "ಅಳಿಯಂದಿರೇ, ಒಂದು ಮಾತು..." ಎಂದು ಶುರು ಮಾಡಿದರು. "ಈಗ ಬೇಡ ಅತ್ತೆ! ನಾನು ಸಂಕಟದಲ್ಲಿದ್ದೀನಿ!" ಎಂದು ಕೈ ಮುಗಿದೆ.

ಸಂಪಾದಕರು ಕರೆದರು. "ಏನ್ರೀ ಇದು? ಒಂದೋ ಸಾಬೀತು ಮಾಡಿ, ಇಲ್ಲ ಮುಂದಿನ ವಾರ ಕ್ಷಮಾಪಣೆ ಹಾಕ್ತೀನಿ. ಅದರ ಕರಡು ನೀವೇ ತಿದ್ದಬೇಕಾಗುತ್ತೆ."

"ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಬನ್ನಿ ಸರ್! ಯಾರೂ ಮುಟ್ಟೋದಿಲ್ಲ. ಸೇನೆ ತಾನೇ ಹೆಜ್ಜೆ ಇಡೋದನ್ನ ಕಣ್ಣಾರೆ ನೋಡಿ!" ಎಂದು ಎದೆ ತಟ್ಟಿ ಹೇಳಿದೆ.

ಬಂದರು. ಒರಗು ಕುರ್ಚಿಯಲ್ಲಿ ಸಂಪಾದಕರನ್ನು ಕೂರಿಸಿದೆವು. ಅತ್ತೆ ಪಕ್ಕದಲ್ಲಿ ಸ್ಟೂಲಿನ ಮೇಲೆ ದಿಂಬಿಟ್ಟು ಕಾಲು ಚಾಚಿ ಕೂತರು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ತೆರೆಯ ಮೇಲೆ ನಾನು ಹಿಂದಿನ ಸಂಜೆ ಆಡಿ ಬಿಟ್ಟ ದೃಶ್ಯ: ಸೇತುವೆಯ ಮಧ್ಯೆ ವೈದ್ಯೆ ಒಬ್ಬಳೇ, ಸುತ್ತ ಮೂವರು ರಾಕ್ಷಸರು. ನಮ್ಮ ಸರದಿ.

ಹತ್ತು ನಿಮಿಷವಾಯಿತು. ಬಿಲ್ಲುಗಾರ ಮೂಗು ಕೆರೆದುಕೊಂಡ.

"ನೋಡಿ ಸರ್, ಶುರುವಾಯ್ತು!" ಎಂದೆ.

ಇಪ್ಪತ್ತು ನಿಮಿಷ. ಮತ್ತೆ ಮೂಗು ಕೆರೆದುಕೊಂಡ. ಸಂಪಾದಕರು ಗಡಿಯಾರ ನೋಡಿಕೊಂಡರು. ಹನ್ನೊಂದು ವರ್ಷ ಕಾದು ಸಿಕ್ಕಿದ ಅಂಕಣ ನನ್ನ ಕಣ್ಣೆದುರೇ ಕೊಚ್ಚಿ ಹೋಗುತ್ತಿತ್ತು. ನಿಜ ಹೇಳುತ್ತೇನೆ, ಅಳುವೇ ಬಂತು. "ಅಪ್ಪಾ, ಒಂದೇ ಒಂದು ಹೆಜ್ಜೆ ಇಡೋ," ಎಂದು ಭರ್ಜಿಯವನನ್ನು ಮನಸ್ಸಿನಲ್ಲೇ ಬೇಡಿಕೊಂಡೆ.

ನಲವತ್ತನೇ ನಿಮಿಷಕ್ಕೆ ಪಕ್ಕದ ಸ್ಟೂಲು ಕಿರ್ರೆಂದಿತು.

"ಅಯ್ಯೋ, ನನ್ನ ಕೈಲಿ ನೋಡೋಕಾಗಲ್ಲ!" ಎಂದು ಅತ್ತೆ ಸಂಪಾದಕರ ಮೊಣಕೈ ಸರಿಸಿ ಮೌಸ್ ಹಿಡಿದರು. "ಆ ಹುಡುಗೀನ ಯಾರು ಸೇತುವೆ ಮೇಲೆ ಬಿಟ್ಟಿದ್ದು? ಮೊದಲು ಲೈನ್ ಖಾಲಿ ಮಾಡ್ಬೇಕು! ಡ್ರ್ಯಾಗನ್ ಈ ಕಡೆ. ಭರ್ಜಿ ಇಲ್ಲಿ ಅಡ್ಡ. ಈಗ ನೀನು ಹಿಂದೆ ಬಾ ಮಗಳೇ, ಬಾ, ಬಾ..."

ಆರು ಕ್ಲಿಕ್ಕು. ಮೂವರು ರಾಕ್ಷಸರು ಹೊಳೆಗೆ ಬಿದ್ದರು. ವೈದ್ಯೆ ಮರದ ಹಿಂದೆ ಕ್ಷೇಮ.

ಹೆಂಡತಿ ನಕ್ಕಳು ನೋಡಿ, ಅಷ್ಟು ಹಲ್ಲು ಅವಳ ಬಾಯಲ್ಲಿದೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು.

"ಅತ್ತೆ... ದಿನಾ ಹಗಲು... ನೀವಾ?"

"ಮೊದಲ ದಿನ ಸತ್ತವರ ಪಟ್ಟಿ ನೋಡಿ ಹೊಟ್ಟೆ ಉರಿದುಹೋಯ್ತು ಅಳಿಯಂದಿರೇ," ಎಂದರು ತಲೆ ತಗ್ಗಿಸಿ. "ಮೂವತ್ತೊಂದು ವರ್ಷ ನನ್ನ ಕೈಲಿ ಒಂದು ಜೀವ ಹೋಗಿಲ್ಲ. ಸೂಚನೆ ಪೂರ್ತಿ ಓದಿದೆ. ಆಟ ಹಿಂದೆ ಎಲ್ಲಿತ್ತೋ ಅಲ್ಲಿಗೆ ವಾಪಸ್ ಹೋಗೋಕೆ ಒಂದು ಗುಂಡಿ ಇದೆ. ನೀವು ಸಂಜೆ ಬಂದು ಗೆದ್ದೆ ಗೆದ್ದೆ ಅಂತ ಕುಣೀತಿದ್ರಲ್ಲ, ಆ ಖುಷಿ ಕೆಡಿಸೋಕೆ ಮನಸ್ಸು ಬರಲಿಲ್ಲ."

ಸಂಪಾದಕರು ಅದುವರೆಗೆ ತೆರೆಯನ್ನೇ ನೋಡುತ್ತಿದ್ದವರು, "ಅಮ್ಮಾ, ಆಟ ಹೇಗಿದೆ?" ಎಂದು ಕೇಳಿದರು.

"ತುಂಬಾ ಚೆನ್ನಾಗಿದೆ! ಒಂದು ಹೆಜ್ಜೆ ಇಡೋ ಮುಂಚೆ ನಾಲ್ಕು ಕಡೆ ನೋಡು ಅನ್ನುತ್ತೆ. ಅವಸರ ಮಾಡಲ್ಲ. ಆದರೆ ತಪ್ಪು ಮಾಡಿದ್ರೆ ಬಿಡಲ್ಲ. ಕ್ಯಾಬಿನ್ನಿನಲ್ಲಿ ಕೂತ ಹಾಗೇ ಆಗುತ್ತೆ. ಆ ಕ್ಯಾಬಿನ್ ಬಿಟ್ಟ ಮೇಲೆ ನನ್ನನ್ನ ಯಾರಾದ್ರೂ ನಂಬ್ಕೊಂಡು ನಿಂತಿದ್ದು ಇದೇ ಮೊದಲು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಕಾರಣ ಬೇರೆ.

ಅಂಕಣ ಈಗ ಅತ್ತೆಯದು. ಫೋಟೋದಲ್ಲಿ ಅವರು ಗಲ್ಲಕ್ಕೆ ಕೈ ಊರಿಲ್ಲ, ಮೌಸಿನ ಮೇಲೆ ಇಟ್ಟಿದ್ದಾರೆ. ಅವರ ಮೊದಲ ವಿಮರ್ಶೆ ಕರಡು ತಿದ್ದಲು ನನ್ನ ಮೇಜಿಗೇ ಬಂತು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಕೆಂಪು ಪೆನ್ನು ಹಿಡಿದು ಕೊನೆಯ ಪ್ಯಾರಾಕ್ಕೆ ಬಂದೆ.

"ಕೊರತೆ ಎರಡೇ. ಒಂದು, ಅಕ್ಷರ ಸಣ್ಣದು. ಎರಡು, ಹಗಲೆಲ್ಲ ಚೆನ್ನಾಗಿ ಗೆಲ್ಲುವ ಸೇನೆ ದಿನಾ ಸಂಜೆ ಏಳರಿಂದ ಒಂಬತ್ತರವರೆಗೆ ತಾನೇ ಹೋಗಿ ಸಾಯುತ್ತದೆ. ಆಟ ಮಾಡಿದವರು ಇದನ್ನು ದಯವಿಟ್ಟು ಸರಿಪಡಿಸಬೇಕು."

ಮೂರು ಸಲ ಓದಿದೆ. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.