ಕೆಂಪು ಗುಂಡಿ ಮತ್ತು ಮಿಕ್ಸಿಯ ಸದ್ದು

ಅಡುಗೆಮನೆಯ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ಸಲಹೆ ಕೊಡುವ ವೆಬ್‌ಸೈಟೊಂದನ್ನು ತೆರೆದಾಗ, ಇದರಲ್ಲಿ ಎಡವಲು ಏನಿದೆ ಎಂದುಕೊಂಡಿದ್ದೆ. ನಾನು ಮಿಕ್ಸಿಯ ಗುಣಗಾನ ಮಾಡುವುದು, ಓದಿದವರು ಕೆಳಗಿನ ಗುಂಡಿ ಒತ್ತಿ ಆನ್‌ಲೈನ್ ಕಂಪನಿಯಿಂದ ಅದನ್ನು ಕೊಳ್ಳುವುದು, ಕಂಪನಿ ನನಗೆ ಕಮಿಷನ್ ಕಳಿಸುವುದು. ಇಷ್ಟೇ! ಈ ಧೈರ್ಯದ ಮೇಲೆ ಕೋಲಾರದ ಟ್ಯುಟೋರಿಯಲ್‌ನಲ್ಲಿ ಸಂಜೆ ಹೊತ್ತು ಮಾಡುತ್ತಿದ್ದ ಲೆಕ್ಕದ ಪಾಠವನ್ನೂ ಬಿಟ್ಟುಬಿಟ್ಟೆ.

ಜನ ಬಂದರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆಯಿಂದ ಬಂದರು, ಓದಿದರು, ಹೋದರು. ಒಬ್ಬರೂ ಕೊಳ್ಳಲಿಲ್ಲ! ಅಷ್ಟರಲ್ಲಿ ಕಂಪನಿಯ ಮೇಲ್ ಬಂತು: ತಿಂಗಳ ಕೊನೆಯೊಳಗೆ ಒಂದು ಮಾರಾಟವಾದರೂ ಆಗದಿದ್ದರೆ ತಮ್ಮ ಖಾತೆಯನ್ನು ಮುಚ್ಚಲಾಗುವುದು. ಟ್ಯುಟೋರಿಯಲ್ ಮಾಲೀಕರ ಮುಂದೆ ಮತ್ತೆ ಕೈಕಟ್ಟಿ ನಿಲ್ಲುವುದು ನನ್ನಿಂದಾಗದ ಮಾತು.

ಬಂದವರಲ್ಲಿ ಎಷ್ಟು ಮಂದಿ ಗುಂಡಿ ಒತ್ತುತ್ತಾರೆ, ಒತ್ತಿದವರಲ್ಲಿ ಎಷ್ಟು ಮಂದಿ ಕೊಳ್ಳುತ್ತಾರೆ ಎಂದು ಅಳೆಯಲು ಒಂದು ಶಾಸ್ತ್ರವೇ ಇದೆ. ಅದರ ಪ್ರಕಾರ ಅರ್ಧ ಜನರಿಗೆ ಹಸಿರು ಗುಂಡಿ, ಇನ್ನರ್ಧ ಜನರಿಗೆ ಕೆಂಪು ಗುಂಡಿ ತೋರಿಸಿದೆ. ಸ್ನಾನದ ಮನೆಯಲ್ಲೂ ಫೋನ್ ಹಿಡಿದು ಕಾದೆ. ಕೆಂಪು ಗುಂಡಿಯ ಲೆಕ್ಕ ಏರತೊಡಗಿತು!

“ಗಿರಿಜಾ, ಕೆಂಪು ಗೆದ್ದಿತು ಕಣೇ!” ಎಂದು ಹೆಂಡತಿಗೆ ಕೂಗಿ ಹೇಳಿದೆ.

“ಅದು ನಮ್ಮಮ್ಮ ಇರ್ಬೇಕು ರೀ” ಎಂದಳು ಅವಳು.

ಗಾಬರಿಯಿಂದ ಯಲ್ದೂರಿನ ಅತ್ತೆಯವರಿಗೆ ಫೋನ್ ಮಾಡಿದೆ.

“ಹೂಂ ಅಳಿಯಂದ್ರೇ, ಗುಂಡಿ ಒತ್ತಿ ಅಂತ ನೀವೇ ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ರಲ್ಲ? ಬೆಳಗ್ಗೆ ದೀಪ ಹಚ್ಚಿ ಒಂದ್ಸಲ ಒತ್ತುತೀನಿ. ಪಕ್ಕದ ಮನೆಯೋರ ಕೈಲೂ ಒತ್ತಿಸ್ತೀನಿ. ಸಾಕಾ, ಇನ್ನೂ ಒತ್ತಬೇಕಾ?”

“ಒತ್ತಿದ ಮೇಲೆ ಕೊಂಡ್ಕೋಬೇಕು ಅತ್ತೆ.”

“ಅಯ್ಯೋ, ಕೊಂಡ್ಕೊಳ್ಳಿ ಅಂತ ನೀವು ಬರೆದಿರ್ಲಿಲ್ವಲ್ಲ!”

ನನ್ನ ಶಾಸ್ತ್ರೋಕ್ತ ಅಂಕಿಅಂಶವೆಲ್ಲ ಅತ್ತೆಯವರ ಪ್ರೀತಿಯಾಗಿತ್ತು. ತಿಂಗಳು ಮುಗಿಯುತ್ತ ಬಂದಿತ್ತು. ಕೊನೆಯ ಅಸ್ತ್ರವೆಂದು ಗುಂಡಿಯ ಪಕ್ಕ ನನ್ನ ಫೋನ್ ನಂಬರ್ ಹಾಕಿ, ‘ಸಂದೇಹವಿದ್ದರೆ ಕರೆ ಮಾಡಿ’ ಎಂದು ಬರೆದೆ. ಮೊದಲ ಕರೆ ಮುಳಬಾಗಿಲಿನಿಂದ; ಅಂಗಡಿ ಎಲ್ಲಿದೆ ಎಂದು ತೆಲುಗಿನಲ್ಲಿ ವಿಚಾರಣೆ.

“ಅಂಗಡಿ ಎಕ್ಕಡುಂದಿ ಸಾರ್?”

“ಅಂಗಡಿ ಇಲ್ಲ, ಆನ್‌ಲೈನು.”

“ಅಂಗಡಿ ಇಲ್ಲ ಅಂದ್ರೆ ಹೆಂಗೆ ಸಾರ್? ಸದ್ದು ಕೇಳದೆ ಮಿಕ್ಸಿ ಹೆಂಗೆ ತಗೊಳ್ಳೋದು?”

ಅವರು ಹೇಳಿದ್ದು ನಿಜ. ನಮ್ಮ ಕಡೆ ಅಂಗಡಿಯವರ ಕೈಲಿ ಮಿಕ್ಸಿ ಓಡಿಸಿ, ಕಿವಿಗೊಟ್ಟು ಕೇಳಿ, ಒಮ್ಮೆ ತಲೆದೂಗದೆ ಯಾರೂ ಕೊಳ್ಳುವುದಿಲ್ಲ. ಸರಿ, ಕೇಳಿಸಿದರಾಯಿತು! ನಮ್ಮ ಮನೆಯ ಮಿಕ್ಸಿ ಬೇರೆ ಬ್ರ್ಯಾಂಡಿನದು, ಆದರೆ ಫೋನಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಅದರ ಪಕ್ಕ ಫೋನ್ ಹಿಡಿದು ಓಡಿಸಿದೆ. ಮುಂದೆ ಬಂದ ಪ್ರತಿ ಕರೆಗೂ ಓಡಿಸಿದೆ. ಮಾಲೂರಿನ ಒಬ್ಬ ಹೆಂಗಸು, “ಖಾಲಿ ಜಾರ್ ಸದ್ದು ಯಾರಿಗೆ ಬೇಕು? ಹುಚ್ಚೆಳ್ಳು ಹಾಕಿ ಓಡಿಸಿ” ಎಂದರು. ಹಾಕಿದೆ. “ಇನ್ನೊಂಚೂರು ಜೋರಾಗಿ” ಎಂದರು. ಜೋರು ಮಾಡಿದೆ. ಮಿಕ್ಸಿ ಒಮ್ಮೆ ಗೊರಗುಟ್ಟಿ, ಹೊಗೆ ಬಿಟ್ಟು, ನಿಂತೇಹೋಯಿತು.

“ಈ ಮಿಕ್ಸಿ ಬೇಡ ಬಿಡಿ ಸಾರ್” ಎಂದು ಆಕೆ ಫೋನ್ ಇಟ್ಟರು!

ಸುಟ್ಟ ವಾಸನೆಗೆ ಗಿರಿಜಾ ಓಡಿಬಂದಳು. “ನಾಳೆ ಚಟ್ನಿಗೆ ಏನು ರುಬ್ಬಲಿ, ನಿಮ್ಮ ತಲೆನಾ?”

“ನನ್ನ ಗುಂಡಿ ಒತ್ತಿ ಹೊಸದು ತರಿಸೋಣ ಕಣೇ!” ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನಿಯಮ ನೆನಪಾಯಿತು. ಸ್ವಂತ ಮನೆಯ ಖರೀದಿ ಲೆಕ್ಕಕ್ಕಿಲ್ಲ.

“ಬಾಯಿ ಮುಚ್ಕೊಂಡು ಅಂಗಡಿಗೆ ನಡೀರಿ.”

ತಿಂಗಳ ಕೊನೆಯ ದಿನ ಹೀಗೆ ನಾನು ಗಿರಿಜಾಳ ಜೊತೆ ಕೋಲಾರದ ಅಂಗಡಿಯೊಂದರಲ್ಲಿ ನಿಂತು, ಇರುವುದರಲ್ಲಿ ಚಿಕ್ಕ ಮಿಕ್ಸಿ ಕೇಳಿದೆ. ಅಂಗಡಿಯವರು ದೊಡ್ಡದೊಂದನ್ನು ಎತ್ತಿ ಮುಂದಿಟ್ಟರು.

“ಅದು ಬೇಡ ಸಾರ್, ಈಗ ಎಲ್ಲರೂ ಇದನ್ನೇ ಕೇಳೋದು. ಯಾರೋ ಪುಣ್ಯಾತ್ಮ ಇಂಟರ್‌ನೆಟ್ಟಲ್ಲಿ ಬರೆದಿದ್ದಾನೆ. ವಕ್ಕಲೇರಿಯಿಂದ, ಶ್ರೀನಿವಾಸಪುರದಿಂದ ಜನ ಫೋನ್ ಹಿಡ್ಕೊಂಡೇ ಬರ್ತಾರೆ ನೋಡಿ!”

ಅವರ ಫೋನಿನಲ್ಲಿ ನನ್ನದೇ ಬರಹ. ಕೆಳಗೆ ನನ್ನ ಕೆಂಪು ಗುಂಡಿ. ಜನ ಕೊಂಡಿದ್ದಾರೆ, ರಾಶಿ ರಾಶಿ ಕೊಂಡಿದ್ದಾರೆ, ಆದರೆ ಇಲ್ಲಿ! ‘ಬರೆದವನು ನಾನೇ’ ಎನ್ನಲು ಬಾಯಿ ತೆರೆದೆ. ಗಿರಿಜಾ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು.

“ಸುಮ್ನಿರಿ. ಬರೆದೋರೇ ಚಿಕ್ಕದು ಕೇಳ್ತಿದ್ದಾರೆ ಅಂದ್ರೆ ಇರೋ ಮರ್ಯಾದೆನೂ ಹೋಗುತ್ತೆ.”

ಅಂಗಡಿಯವರು ಗಟ್ಟಿಯಾಗಿ ಓದತೊಡಗಿದರು. “‘ಉಳಿತಾಯದ ಆಸೆಗೆ ಚಿಕ್ಕದನ್ನು ಕೊಂಡು ಆಮೇಲೆ ಪರದಾಡಬೇಡಿ.’ ಎಷ್ಟು ಸರಿಯಾಗಿ ಬರೆದಿದ್ದಾನೆ ಅಲ್ವಾ ಸಾರ್?”

ಸರಿಯಾಗಿಯೇ ಇತ್ತು. ಅವರು ದೊಡ್ಡದನ್ನು ಓಡಿಸಿದರು. ನಾನು ಕಿವಿಗೊಟ್ಟು ಕೇಳಿ ತಲೆದೂಗಿದೆ.

ವಾಪಸು ಬರುವಾಗ ಆಟೋದಲ್ಲಿ ನನ್ನ ಜೇಬಿನ ಫೋನ್ ಸದ್ದು ಮಾಡಿತು. ಗಿರಿಜಾ ತೆಗೆದು ಓದಿ ಹೇಳಿದಳು: “‘ತಮ್ಮ ಬರಹ ಓದಿ ಈವರೆಗೆ ಯಾರೂ ಏನನ್ನೂ ಕೊಂಡಿಲ್ಲವಾದ್ದರಿಂದ ಖಾತೆಯನ್ನು ಮುಚ್ಚಲಾಗಿದೆ.’”

ಕಂಪನಿಗೆ ಖಾರವಾಗಿ ಉತ್ತರ ಬರೆಯೋಣವೆಂದರೆ, ನನ್ನ ಎರಡೂ ಕೈಯಲ್ಲಿ ಆ ದೊಡ್ಡ ಮಿಕ್ಸಿಯ ಡಬ್ಬ ಇತ್ತು.