ಏಳನೇ ನಂಬರಿನ ಸಿರಿಂಜು

ಮಂಟೇಸ್ವಾಮಿಯ ಅಂದಿನ ಗ್ರಹಚಾರ ಅವನ ಊಟದ ಚೀಲದಲ್ಲಿ ಕೂತಿತ್ತು. ಹಿಂದಿನ ಸಂಜೆ ನಂಜನಗೂಡಿನ ಪಕ್ಕದ ತಾಂಡ್ಯದ ಔಷಧಿ ಕಾರ್ಖಾನೆಯ ಲ್ಯಾಬಿನಿಂದ ಹೊರಡುವ ಅವಸರದಲ್ಲಿ ಮೇಜಿನ ಮೇಲಿದ್ದ ಕನ್ನಡಕ, ಪೆನ್ನು, ಬಾಚಣಿಗೆಗಳನ್ನೆಲ್ಲ ಒಟ್ಟಿಗೆ ಬಾಚಿ ಚೀಲಕ್ಕೆ ಹಾಕಿಕೊಂಡು, ವಾರದ ರಜೆಗೆಂದು ತನ್ನೂರು ಸೋಮನಾಥಪುರದ ಬಸ್ಸು ಹಿಡಿದಿದ್ದ. ಆ ಬಾಚುವಿಕೆಯಲ್ಲಿ ಏಳನೇ ನಂಬರಿನ ಸಿರಿಂಜೂ ಡಬ್ಬಿಸಮೇತ ಬಂದುಬಿಟ್ಟಿತ್ತು.

ಇದು ಡಾಕ್ಟರು ಚುಚ್ಚುವ ಸಿರಿಂಜಲ್ಲ. ಒಂದು ಹನಿ ನೀರನ್ನು ಐದು ಪಾಲು ಮಾಡಿದರೆ, ಅದರಲ್ಲಿ ಒಂದೇ ಒಂದು ಪಾಲು ಹಿಡಿಯುವ ಗಾಜಿನ ಕಡ್ಡಿ. ಒಳಗಿನ ದಬ್ಬುಕಡ್ಡಿ ತಂತಿಯಷ್ಟು ಸಣ್ಣ. ಒಂದು ಸಿರಿಂಜಿನ ದಬ್ಬುಕಡ್ಡಿ ಇನ್ನೊಂದಕ್ಕೆ ಕೂರದು. ಪರದೇಶದಿಂದ ತರಿಸಲು ನಾಲ್ಕು ತಿಂಗಳು ಬೇಕು. ಮಂಟೇಸ್ವಾಮಿಯ ಕೆಲಸ ಕಾಯಂ ಆಗಲು ಇನ್ನು ಹದಿನೈದು ದಿನವಷ್ಟೇ ಬಾಕಿ. ಅದು ಕಳೆದುಹೋದರೆ ಕಾಯಂ ಪತ್ರವೂ ಅದರ ಹಿಂದೆಯೇ ಹೋದಂತೆ.

ಬೆಳಿಗ್ಗೆ ಅವನು ಹಲ್ಲುಜ್ಜಿಕೊಂಡು ಅಡುಗೆಮನೆಗೆ ಬಂದಾಗ ಅವ್ವ ಸಾಕಮ್ಮ ಒಂದು ಕೈಯಲ್ಲಿ ಚೀಲದಲ್ಲಿ ಸಿಕ್ಕ ಸಿರಿಂಜು ಹಿಡಿದುಕೊಂಡು, ಇನ್ನೊಂದು ಕೈಯಿಂದ ಒಲೆ ಊದುತ್ತಿದ್ದಳು. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು.

"ಅವ್ವ, ಅದುನ್ನ ಕೆಳಗಿಡು."

"ಸೂಜಿ ಅಂದ್ಮೇಲೆ ಕುದಿಸ್ಬೇಕು ಕಣ್ಲಾ. ಕಾಂಪೌಂಡ್ರು ಮಾಡ್ತಿದ್ದುದ ನಾನು ನೋಡಿಲ್ವಾ? ನಿಂಗೆ ಏನು ಕಾಯ್ಲೆ, ಅದುನ್ನ ಮೊದ್ಲು ಏಳು."

"ಕಾಯ್ಲೆ ಇಲ್ಲ ಕಣವ್ವ. ಇದು ಮಿಸಿನ್ನಿಗೆ ಚುಚ್ಚೋದು."

"ಮಿಸಿನ್ನಿಗೆ ಸೂಜಿ ಚುಚ್ತಾರಾ?" ಎಂದು ಸಾಕಮ್ಮ ಮಗನ ಹಣೆ ಮುಟ್ಟಿ ಜ್ವರ ನೋಡಿದಳು.

ಪಕ್ಕದ ಮನೆ ಮರಿತಾಯಮ್ಮನಿಗೆ ಎರಡು ವರ್ಷದಿಂದ ಮಂಡಿನೋವು. ಕಿವಿ ಮಾತ್ರ ಚುರುಕಾಗಿತ್ತು. ಗೋಡೆಯ ಆಚೆಯಿಂದ ಸೂಜಿ ಎಂಬ ಮಾತು ಕೇಳಿದ್ದೇ ತಡ, ನೋವನ್ನು ಅಲ್ಲೇ ಬಿಟ್ಟು ಓಡಿಬಂದಳು. ಆ ಕಡೆಯ ಜನಕ್ಕೆ ಮಾತ್ರೆಯಲ್ಲಿ ನಂಬಿಕೆಯಿಲ್ಲ. ಡಾಕ್ಟರು ಸೂಜಿ ಹಾಕದೆ ಕಳಿಸಿದರೆ ಡಾಕ್ಟರಿಗೇ ಏನೋ ಕಾಯಿಲೆ ಎಂದುಕೊಳ್ಳುತ್ತಾರೆ.

"ಇಷ್ಟು ಸಣ್ಣದು ಅಂದ್ರೆ ಪವರ್ ಜಾಸ್ತಿ ಇರ್ಬೇಕು. ಒಂದು ಹಾಕು ಮಗಾ," ಎಂದು ಸೀರೆ ಸರಿಸಿ ಮಂಡಿ ಮುಂದಿಟ್ಟಳು.

"ಇದ್ರಲ್ಲಿ ಮದ್ದಿಲ್ಲ ದೊಡ್ಡವ್ವ."

"ಇಲ್ದೆ ಓದ್ರೆ ಓಗ್ಲಿ, ಸುಮ್ನೆ ಚುಚ್ಚು. ಚುಚ್ಚುದ್ರೆ ನಂಗೆ ಸಮಾಧಾನ."

"ಚುಚ್ಚಲ್ಲ."

ಇಷ್ಟರಲ್ಲಿ ಎದುರು ಮನೆಯ ಮಾದು ಬಂದ. ತನಗೇನೂ ಬೇಡ, ಎಮ್ಮೆ ಮೂರು ದಿನದಿಂದ ಮೇವು ಮುಟ್ಟಿಲ್ಲ, ಅದಕ್ಕೊಂದು ಹಾಕಿದರೆ ಸಾಕು ಎಂದ. ಹನಿಯ ಐದನೇ ಪಾಲು ಹಿಡಿಯುವ ಸಿರಿಂಜನ್ನೂ ಅಂಗಳದಾಚೆ ನಿಂತಿದ್ದ ಎಮ್ಮೆಯನ್ನೂ ಮಂಟೇಸ್ವಾಮಿ ಒಮ್ಮೆ ನೋಡಿದ. ವಿವರಿಸುವುದರಲ್ಲಿ ಅರ್ಥವಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

"ಮನ್ಸರಿಗೂ ಇಲ್ಲ, ಎಮ್ಮೆಗೂ ಇಲ್ಲ. ಇದು ಕಂಪ್ನಿ ಸಾಮಾನು. ಪ್ರಾಣ ಓದ್ರೂ ಯಾರ್ಗೂ ಮುಟ್ಸಲ್ಲ."

"ನೋಡ್ದಾ ಸಾಕಮ್ಮ," ಎಂದಳು ಮರಿತಾಯಮ್ಮ. "ತಾಂಡ್ಯದಲ್ಲಿ ಕೆಲ್ಸ ಸಿಕ್ಕಿದ್ದೇ ಸಿಕ್ಕಿದ್ದು, ಊರೋರು ಕಣ್ಗೇ ಕಾಣಲ್ಲ. ಇವ್ನು ಎಸ್ಸೆಲ್ಸಿ ಪಾಸಾಗ್ಲಿ ಅಂತ ಅರಕೆ ಒತ್ತಿದ್ದು ನಾನು ಕಣವ್ವ."

ಮಂಟೇಸ್ವಾಮಿ ಅವ್ವನ ಕೈಯಿಂದ ಸಿರಿಂಜು ತೆಗೆದು ಡಬ್ಬಿಗೆ ಸೇರಿಸಿ, ಅದನ್ನು ಎದೆಗವಚಿಕೊಂಡು, ತಿಂಡಿಯನ್ನೂ ತಿನ್ನದೆ ಹೊರಟ. ಅಂದು ಲ್ಯಾಬು ನೋಡಲು ದಿಲ್ಲಿಯಿಂದ ತನಿಖೆಯವರು ಬರುವವರಿದ್ದರು. ಅಷ್ಟರೊಳಗೆ ಏಳನೇ ನಂಬರು ತನ್ನ ಜಾಗದಲ್ಲಿರಬೇಕಿತ್ತು.

ತಿರುಮಕೂಡಲಿನಲ್ಲಿ ಹತ್ತಿದ ನಂಜನಗೂಡು ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಬಸ್ಸುಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ: ಕೂತವರು ನಿಂತವರ ಸಾಮಾನನ್ನು ಕೇಳಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕವಲಂದೆಗೆ ಹೊರಟಿದ್ದ ಒಬ್ಬ ಅಜ್ಜಿ, ಆಗಲೇ ಮೂರು ಚೀಲ, ಒಂದು ಕೋಳಿ, ಯಾರದೋ ಮಗು ಇಷ್ಟನ್ನೂ ಹೊತ್ತಿದ್ದವಳು, ಕೈ ಚಾಚಿದಳು.

"ತಾ ಮಗಾ ಆ ಡಬ್ಬಿಯ. ಮಡಿಕತೀನಿ."

"ಬೇಡ ಅಜ್ಜಿ."

"ನಾನೇನು ತಿಂದ್ಬುಟ್ಟೀನಾ?"

"ಕೊಡಲ್ಲ ಅಜ್ಜಿ."

ಬಸ್ಸಿನಲ್ಲಿ ಸಾಮಾನು ಕೊಡಲ್ಲ ಎನ್ನುವವನನ್ನು ಯಾರೂ ನಂಬುವುದಿಲ್ಲ. ನಾಲ್ಕು ಜನ ತಿರುಗಿ ನೋಡಿದರು. ಕಂಡಕ್ಟರು ಜನರ ನಡುವೆ ತೂರಿಕೊಂಡು ಬಂದು, "ಏನ್ರೀ ಅದು, ಬಿಚ್ಚಿ ತೋರ್ಸಿ" ಎಂದರು. ಮಂಟೇಸ್ವಾಮಿ ಮುಚ್ಚಳ ತೆರೆದ. ಕೂದಲಿನಂಥ ಸೂಜಿ ಬಿಸಿಲಿಗೆ ಮಿಂಚಿತು.

ಆ ವರ್ಷ ಒಂದು ಸುದ್ದಿ ಊರೂರು ತಿರುಗುತ್ತಿತ್ತು. ಯಾರೋ ಬಸ್ಸಿನಲ್ಲಿ, ಟಾಕೀಸಿನಲ್ಲಿ ಸದ್ದಿಲ್ಲದೆ ಸೂಜಿ ಚುಚ್ಚಿ ದೊಡ್ಡ ರೋಗ ಅಂಟಿಸುತ್ತಾರಂತೆ. ಚುಚ್ಚಿಸಿಕೊಂಡವರನ್ನು ಯಾರೂ ಕಂಡಿರಲಿಲ್ಲ, ಆದರೆ ಸುದ್ದಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅರೆನಿಮಿಷದಲ್ಲಿ ಮಂಟೇಸ್ವಾಮಿಯ ಸುತ್ತ ರಾಗಿ ಒಕ್ಕುವಷ್ಟು ಜಾಗ ಬಿಡುವಾಯಿತು. ಅಜ್ಜಿಯೂ ಕೋಳಿ, ಮಗುವಿನೊಂದಿಗೆ ಹಿಂದಿನ ಬಾಗಿಲಿಗೆ ಸರಿದಳು.

"ಇಳಿದ್ಬಿಡಪ್ಪ," ಎಂದರು ಕಂಡಕ್ಟರು ದೂರದಿಂದಲೇ.

"ಯಾಕಿಳೀಬೇಕು? ಟಿಕೆಟ್ ತಗೊಂಡಿದೀನಿ. ಯಾರಿಗಾದ್ರೂ ಚುಚ್ಚಿದ್ದೀನಾ? ಬೆಳಿಗ್ಗೆಯಿಂದ ಚುಚ್ಚು ಚುಚ್ಚು ಅಂದೋರ್ಗೇ ಚುಚ್ಚಿಲ್ಲ. ಇಳಿಸೋರು ಬಂದು ಕೈ ಇಡ್ಕಂಡು ಇಳಿಸಿ."

ಕೈ ಹಿಡಿಯಲು ಯಾರೂ ಬರಲಿಲ್ಲ. ಮಂಟೇಸ್ವಾಮಿ ಮೂರು ಜನರ ಸೀಟಿನಲ್ಲಿ ಒಬ್ಬನೇ ಕೂತು, ಡಬ್ಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆಯೆತ್ತಿಕೊಂಡೇ ನಂಜನಗೂಡು ತಲುಪಿದ.

ಲ್ಯಾಬಿನ ಹಿರಿಯ ಕೆಮಿಸ್ಟ್ ಅಮೃತೇಶ್ ಅವನನ್ನು ಕಂಡು ಸಂತೋಷಪಡಲಿಲ್ಲ.

"ನಿನಗೆ ಇವತ್ತು ರಜಾ ಅಲ್ವೇನಯ್ಯ? ಯಾಕೆ ಬಂದೆ?"

ಮಂಟೇಸ್ವಾಮಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. "ತಪ್ಪಾಯ್ತು ಸಾ. ಗೊತ್ತಿಲ್ದೆ ಮನೆಗೆ ತಗಂಡೋಗಿದ್ದೆ. ಒಂದು ಗೀರೂ ಬಿದ್ದಿಲ್ಲ."

ಅಮೃತೇಶ್ ಡಬ್ಬಿ ತೆರೆದು ನೋಡಿ ಹಣೆ ಚಚ್ಚಿಕೊಂಡರು. "ಮಾರಾಯ, ಬೆಳಿಗ್ಗೆ ಇದು ಕಾಣಲಿಲ್ಲ, ಕೊನೆಗೆ ಮುಟ್ಟಿದವನು ನೀನು. ನಿನ್ನ ಉಳಿಸೋಕೆ ಇದು ಒಡೆದುಹೋಯ್ತು ಅಂತ ಆಗಲೇ ಬರೆದುಬಿಟ್ನಲ್ಲೋ."

ಆ ಲ್ಯಾಬಿನ ಪದ್ಧತಿಯೇ ಹಾಗಿತ್ತು. ಅಲ್ಲಿ ಯಾವುದೂ ಕಳೆದುಹೋಗುತ್ತಿರಲಿಲ್ಲ, ಕಾಣದ್ದೆಲ್ಲ ಒಡೆದುಹೋಗುತ್ತಿತ್ತು. ಕಳೆದರೆ ವಿಚಾರಣೆ, ಪೊಲೀಸು, ರಾಮಾಯಣ. ಒಡೆದರೆ ಗಾಜು ತಾನೇ, ಮೂರು ರುಜು ಹಾಕಿ ಮರೆಯುವುದು. ಅಮೃತೇಶ್, ಸ್ಟೋರಿನವರು, ಮ್ಯಾನೇಜರು ಮೂವರೂ ರುಜು ಹಾಕಿ ಆಗಿತ್ತು. ಚೂರುಗಳನ್ನು ಗುಂಡಿಗೆ ಹಾಕಲಾಗಿದೆ ಎಂದೂ ಬರೆದಾಗಿತ್ತು.

"ಈಗೇನ್ಮಾಡದು ಸಾ?"

"ಇನ್ನೇನು, ಒಡೆದುಬಿಡು. ತನಿಖೆಯವರು ಎರಡು ಗಂಟೆಗೆ ಬರ್ತಾರೆ. ಅವರ ಕಣ್ಣಿಗೆ ಒಂದು ಹೆಚ್ಚಿಗೆ ಬಿದ್ರೆ ನಮ್ಮೆಲ್ಲರ ಕತೆ ಮುಗೀತು."

ಮಂಟೇಸ್ವಾಮಿಗೆ ಸಿಟ್ಟು ನೆತ್ತಿಗೇರಿತು. ಕುದಿಯುವ ನೀರಿನಿಂದ, ಮಂಡಿಯಿಂದ, ಎಮ್ಮೆಯಿಂದ, ಒಂದು ಬಸ್ಸು ಜನರಿಂದ ಕಾಪಾಡಿಕೊಂಡು ಬಂದದ್ದನ್ನು ಈಗ ತನ್ನ ಕೈಯಾರೆ ಒಡೆಯಬೇಕೆ?

"ಒಡೆಯಲ್ಲ ಸಾ. ನೀವೇ ಒಡೀರಿ."

ಅಮೃತೇಶ್ ಸಿರಿಂಜನ್ನು ಕೈಗೆತ್ತಿಕೊಂಡರು. ಅದರ ಚೆಂದ ನೋಡಿದರು. ಅವರಿಗೂ ಮನಸ್ಸು ಬರಲಿಲ್ಲ. "ಏನಾದ್ರೂ ಮಾಡ್ಕೊ, ನಾನು ನೋಡಿಲ್ಲ" ಎಂದು ಊಟಕ್ಕೆ ಹೋದರು.

ಮಂಟೇಸ್ವಾಮಿ ಬಿಳಿಯ ಕೋಟು ತೊಟ್ಟು ಯಂತ್ರದ ಮುಂದೆ ಕೂತ. ಒಂದೇ ಔಷಧಿಯ ಮಾದರಿಯನ್ನು ಮೂರು ಸಲ ಅಳೆದು ಯಂತ್ರಕ್ಕೆ ಚುಚ್ಚಿದ. ಮೂರೂ ಸಲ ಒಂದೇ ಉತ್ತರ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಆ ಲ್ಯಾಬಿನಲ್ಲಿ ಅಂಥ ಅಳತೆ ಯಾರ ಕೈಯಿಂದಲೂ ಬಂದಿರಲಿಲ್ಲ. ಪುಸ್ತಕದಲ್ಲಿ ಉತ್ತರ ಬರೆದು, ಪಕ್ಕದಲ್ಲಿ 'ಸಿರಿಂಜು ನಂಬರ್ 7' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ತನ್ನ ಪೂರ್ತಿ ಹೆಸರಿನ ರುಜು ಹಾಕಿದ. ನೋಡುವವರು ನೋಡಲಿ ಎನಿಸಿತು.

ದಿಲ್ಲಿಯ ಅಧಿಕಾರಿ ನೋಡಿದರು. ಆದರೆ ಅವರು ಯಂತ್ರದ ಬಳಿಗಾಗಲಿ, ಸಿರಿಂಜಿನ ಬಳಿಗಾಗಲಿ ಬರಲೇ ಇಲ್ಲ. ಮ್ಯಾನೇಜರ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು, ಪುಸ್ತಕಗಳನ್ನು ತರಿಸಿಕೊಂಡು, ಗೋಡಂಬಿ ತಿನ್ನುತ್ತ ಓದಿದರು. ಒಂದು ಪುಸ್ತಕದ ಪ್ರಕಾರ ಏಳನೇ ಸಿರಿಂಜು ಬೆಳಿಗ್ಗೆಯೇ ಚೂರಾಗಿತ್ತು. ಹಾಜರಿ ಪುಸ್ತಕದ ಪ್ರಕಾರ ಮಂಟೇಸ್ವಾಮಿಗೆ ರಜೆ. ಮೂರನೆಯ ಪುಸ್ತಕದಲ್ಲಿ ಮಾತ್ರ, ಅಲ್ಲಿ ಇಲ್ಲದ ಮನುಷ್ಯನೊಬ್ಬ ಇಲ್ಲದ ಸಿರಿಂಜಿನಿಂದ ಮಧ್ಯಾಹ್ನ ಮೂರು ಸಲ ಅಳೆದಿದ್ದ; ಅದೂ ಮೂರು ಸಲವೂ ಒಂದೇ ಉತ್ತರ. ಕೂತಲ್ಲೇ ಬರೆದ ಸುಳ್ಳು ಲೆಕ್ಕಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡವೆಂದು ಅಧಿಕಾರಿ ಷರಾ ಬರೆದರು.

ಸಂಜೆ ಐದಕ್ಕೆ ಮಂಟೇಸ್ವಾಮಿಯಿಂದ ವಿವರಣೆ ಕೇಳಿ ಮೆಮೋ ಬಂತು. ಅಮೃತೇಶ್ ಅವನನ್ನು ಮೂಲೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ನಂಬರ್ ಬರೆಯೋವಾಗ ಕಣ್ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡು ಸಾಕು. ಇನ್ನು ಹದಿನೈದು ದಿನಕ್ಕೆ ನಿನ್ನ ಕಾಯಂ ಪತ್ರ ನಾನು ಕೊಡಿಸ್ತೀನಿ."

"ನಂಬರ್ ಸರಿಯಾಗೇ ಅದೆ ಸಾ. ಸಿರಿಂಜು ಕಣ್ಮುಂದೆನೇ ಅದೆ."

"ಇದೆ ಅನ್ನೋಕೆ ನಿನ್ನದೊಂದು ರುಜು. ಇಲ್ಲ ಅನ್ನೋಕೆ ಮೂರು ರುಜು ಇದೆಯಪ್ಪ."

ಮಂಟೇಸ್ವಾಮಿ ಮೇಜಿನ ಮೇಲೆ ಬಗ್ಗಿ ಉತ್ತರ ಬರೆದ. ನಂಬರು ಸರಿ. ಸಿರಿಂಜು ಸರಿ. ಅಳತೆ ಸರಿ. ಒಡೆದಿದೆ ಎಂದು ಬರೆದ ಪುಸ್ತಕ ತಪ್ಪು. ಅಮೃತೇಶ್ ಅದನ್ನು ಓದಿ ಮ್ಯಾನೇಜರ ಕೋಣೆಗೆ ಒಯ್ದರು.

ಹತ್ತು ನಿಮಿಷದಲ್ಲಿ ಎರಡನೆಯ ಕಾಗದ ಬಂತು. ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಗಿತ್ತು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಹೊಸ ಸಿರಿಂಜು ಪರದೇಶದಿಂದ ಬರುವವರೆಗೆ ಸದರಿ ನೌಕರನು ಲ್ಯಾಬಿನ ಬಾಟಲಿಗಳನ್ನು ತೊಳೆಯತಕ್ಕದ್ದು.

ಮಂಟೇಸ್ವಾಮಿ ಎರಡು ಸಲ ಓದಿದ. ಅವನ ಕಣ್ಣು ತುಂಬಿ ಬಂತು, ಆದರೆ ಅಮೃತೇಶರ ಎದುರು ಒರೆಸಿಕೊಳ್ಳಲಿಲ್ಲ. ಪೆನ್ನು ತೆಗೆದು ಕಾಗದದ ಕೆಳಗೆ ಏನೋ ಬರೆದು ವಾಪಸು ಕೊಟ್ಟ.

"ರುಜು ಹಾಕಿದ್ಯಲ್ಲ, ಸದ್ಯ," ಎಂದು ಅಮೃತೇಶ್ ಉಸಿರುಬಿಟ್ಟರು.

"ಆಕಿದ್ದೀನಿ ಸಾ. ಕಾಗದ ತಲುಪ್ತು ಅಂತ ಆಕಿದ್ದೀನಿ. ಒಪ್ಕಂಡೆ ಅಂತ ಆಕಿಲ್ಲ," ಎಂದು ಮಂಟೇಸ್ವಾಮಿ ಬಾಟಲಿ ತೊಳೆಯುವ ತೊಟ್ಟಿಯ ಕಡೆ ಹೊರಟ.