ವೀಸಾಕ್ಕೆ ಅಡ್ಡ ಬಂದ ಆಷಾಢ

ಪೊಲೀಸ್ ಪೇದೆ ರಾಜೇಂದ್ರ ಬೈಕ್ ನಿಲ್ಲಿಸಿ, "ಗಂಡ ಹೆಂಡ್ತಿ ಒಂದೇ ಮನೇಲಿ ಅವ್ರಾ?" ಎಂದು ಕೇಳಿದಾಗ ರಘುನಂದನ್ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ. ಅವನು ಉಗಿಯುವಷ್ಟರಲ್ಲಿ ಪಕ್ಕದ ಮನೆಯ ಪಟ್ಟಲಮ್ಮ ಉತ್ತರ ಕೊಟ್ಟಾಗಿತ್ತು.

"ಒಂದೇ ಮನೇಲಾ? ಸಿವ ಸಿವಾ! ನಾವೇ ನಿಂತ್ಕಂಡು ಬೇರೆ ಮಾಡಿದ್ದೀವಿ ಸಾ. ಅವ್ಳು ಬೆಳಕವಾಡೀಲವ್ಳೆ."

ರಘುನಂದನ್ ನೊರೆಯನ್ನು ನುಂಗಿಬಿಟ್ಟ.

ಅವನ ಹೆಂಡತಿ ನಿಲ್ಮಿನಿ ಶ್ರೀಲಂಕಾದವಳು. ದುಬೈನ ಹೋಟೆಲೊಂದರಲ್ಲಿ ಇಬ್ಬರೂ ಕೆಲಸಕ್ಕಿದ್ದಾಗ ಪ್ರೀತಿಸಿ, ಮಳವಳ್ಳಿಗೆ ಬಂದು ಮದುವೆಯಾಗಿದ್ದರು. ಅವಳದು ತಾತ್ಕಾಲಿಕ ವೀಸಾ. ಅದು ಮುಂದುವರಿಯಬೇಕಾದರೆ ಗಂಡ ಹೆಂಡಿರು ಕೂಡಿ ಬಾಳುತ್ತಿದ್ದಾರೆಂದು ಪೊಲೀಸ್ ವರದಿ ಹೋಗಬೇಕು. ಇಲ್ಲದಿದ್ದರೆ ಅವಳು ದೇಶ ಬಿಡಬೇಕು.

ಇಂಥ ಹೊತ್ತಿನಲ್ಲಿ ಆಷಾಢ ಬಂತು. ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದು, ತವರಿಗೆ ಹೋಗಬೇಕು. ತವರು ಸಮುದ್ರದಾಚೆ. ಪಟ್ಟಲಮ್ಮ ಯೋಚಿಸಿ, ಬೆಳಕವಾಡಿಯಲ್ಲಿರುವ ಚಲುವಮ್ಮನ ತಂಗಿಯ ಮನೆಯನ್ನೇ ತವರು ಮಾಡಿಬಿಟ್ಟಳು. ಚಲುವಮ್ಮ ರಘುನಂದನ್‌ನ ತಾಯಿ. ಪಟ್ಟಲಮ್ಮ ಹೇಳಿದರೆ ಮುಗಿಯಿತು. ಇನ್ನೊಬ್ಬರ ಸಂಸಾರವೆಂದರೆ ಈ ಬೀದಿಗೆ ಅದೇನು ಉತ್ಸಾಹವೋ!

"ನಿಮ್ಮನ್ನ ಯಾರು ಕೇಳುದ್ರು?" ರಘುನಂದನ್ ಅರಚಿದ. "ಸಾ, ನಾವು ಒಟ್ಗೇ ಇರಾದು!"

"ಸುಳ್ಳು ಯೋಳ್ಬೇಡ ಕಣ್ಲಾ," ಎಂದು ಚಲುವಮ್ಮನೇ ಹೊರಬಂದಳು. "ಮೊನ್ನೆ ಕದ್ದು ಓಯ್ತಿದ್ದೋನ ಬಸ್ಸಿಂದ ಇಳಿಸ್ಕಂಡು ಬಂದ್ವಿ ಸಾ. ಮುಖಾನೂ ನೋಡಕ್ಕೆ ಬುಟ್ಟಿಲ್ಲ."

ಬೀದಿಯೆಲ್ಲ ಹೌದೆಂದು ತಲೆಯಾಡಿಸಿತು. ರಾಜೇಂದ್ರ ಬರೆದುಕೊಳ್ಳತೊಡಗಿದ. ರಘುನಂದನ್ ಬನಿಯನ್ನಿನಲ್ಲೇ ಸ್ಕೂಟರ್ ಹತ್ತಿ ಬೆಳಕವಾಡಿಗೆ ಹಾರಿ, ಹಿಟ್ಟು ಕಲಸುತ್ತಿದ್ದ ನಿಲ್ಮಿನಿಯನ್ನು ಹಾಗೇ ಕೂರಿಸಿಕೊಂಡು ಬಂದ. ಪೇದೆ ಇನ್ನೂ ಬೀದಿಯವರ ಹೇಳಿಕೆ ಬರೆದುಕೊಳ್ಳುತ್ತಲೇ ಇದ್ದ. ಚಲುವಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆಸಾಡ ಕಣವ್ವ, ಒಳೀಕ್ ಬರ್ಬೇಡ!"

ನಿಲ್ಮಿನಿಗೆ ಸಿಟ್ಟು ನೆತ್ತಿಗೇರಿತು. ಅವಳು ಕನ್ನಡ ಕಲಿತದ್ದು ಈ ಅತ್ತೆಯಿಂದಲೇ. "ಒಳೀಕ್ ಬುಡ್ದಿದ್ರೆ ನಮ್ಮ್ ದೇಸಕ್ಕೇ ಓಯ್ತೀನಿ ಬುಡಿ! ನಿಮ್ಮ ಮಗನ್ನ ನೀವೇ ಮಡಿಕ್ಕಳಿ!"

ಅತ್ತೆ ಅತ್ತಳು. ಸೊಸೆಯೂ ಅತ್ತಳು. ರಘುನಂದನ್ ಚೊಂಬನ್ನು ಎತ್ತಿ ನೆಲಕ್ಕೆ ಬಡಿದ. ಪಟ್ಟಲಮ್ಮ ಪೇದೆಗೆ ಕಾಫಿ ತಂದುಕೊಟ್ಟಳು.

ಕಾಫಿ ಮುಗಿಸಿ ರಾಜೇಂದ್ರ ನಕ್ಕ. "ಯಾಕಿಂಗಾಡ್ತೀರಿ? ಸುಳ್ಳು ಮದ್ವೆಯೋರು ಪೊಲೀಸ್ ಬತ್ತಾರೆ ಅಂತ ಒಂದೇ ಮನೇಲಿ ನಾಟ್ಕ ಆಡ್ತಾರೆ. ಆಸಾಡಕ್ಕೆ ಬ್ಯಾರೆ ಇರಾರು ನಿಜವಾದ ಗಂಡ ಹೆಂಡ್ತೀನೇ. ಅಂಗೇ ಬರ್ದಿದ್ದೀನಿ. ವೀಸಾ ಆಯ್ತದೆ ಬುಡಿ."

ರಘುನಂದನ್‌ಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಹೆಂಡತಿಯ ಕೈ ಹಿಡಿದು ಬಾಗಿಲತ್ತ ಹೊರಟ.

"ಎಲ್ಲಿಗೆ?" ರಾಜೇಂದ್ರ ಗದರಿದ. "ಆಸಾಡ ಮುಗಿಯಗಂಟ ಬೆಳಕವಾಡೀಲಿರ್ತಾರೆ ಅಂತ ಬರ್ದೀವ್ನಿ. ಇಲ್ಲಿ ಕಂಡ್ರೆ ನನ್ನ ರಿಪೋರ್ಟೇ ಸುಳ್ಳಾಯ್ತದೆ. ಪಟ್ಟಲಮ್ಮಾರೆ, ನನ್ನ ನಂಬರ್ ಮಡಿಕ್ಕಳಿ. ಇವ್ರು ಒಟ್ಗೆ ಕಂಡ್ರೆ ಒಂದು ಫೋನ್ ಮಾಡಿ."

ನಿಲ್ಮಿನಿ ಕಣ್ಣೊರೆಸಿಕೊಂಡು ಬೆಳಕವಾಡಿಯ ಬಸ್ಸಿಗೆ ಹೊರಟಳು. ಪಟ್ಟಲಮ್ಮ ಒಳಗಿನಿಂದ ಕುರ್ಚಿ ತಂದು, ರಘುನಂದನ್‌ನ ಬಾಗಿಲಿಗೆ ಎದುರಾಗಿ ಹಾಕಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.